ಸಾಲೆಮ್ ಅಜ್ಜಿಯ ಹಾಡುಗಳು

ಒಂದು ಚಿತ್ರದಲ್ಲಿರೋ ಅಜ್ಜಿಯ ಶಾಲಿನ ಮಡಿಕೆಯಲ್ಲಿ ಸೈತಾನ ಇದ್ದಾನೋ ಇಲ್ಲವೋ ಅನ್ನೋದು ವೇಲ್ಸಿನಲ್ಲಿ ಮೂರು ತಲೆಮಾರಿನಿಂದ ನಡೆದುಕೊಂಡು ಬಂದ ಜಗಳ. ಚಿತ್ರ ನೀವೂ ನೋಡಿರಬಹುದು. ಎತ್ತರದ ಕರಿ ಟೋಪಿ, ಮೈತುಂಬ ಬಣ್ಣಬಣ್ಣದ ಶಾಲು, ಕೈಯಲ್ಲಿ ಪುಸ್ತಕ, ಚಾಪೆಲ್ಲಿನ, ಅಂದರೆ ಕ್ರೈಸ್ತ ಪ್ರಾರ್ಥನಾಮಂದಿರದ, ಮರದ ಬೆಂಚುಗಳ ನಡುವೆ ನಡೆದು ಬರ್ತಿರೋ ಅಜ್ಜಿ. ಸಿಡ್ನಿ ಕರ್ನೋ ವಾಸ್ಪರ್ 1908ರಲ್ಲಿ ಬರೆದ 'ಸಾಲೆಮ್'. ಅಜ್ಜಿಯ ಎಡಗೈ ಮಡಚಿದ ಕಡೆ ಕಣ್ಣಿಟ್ಟು ನೋಡಿ ಅಂತಾರೆ. ಒಂದು ಕಣ್ಣು, ಒಂದು ಕೊಂಬು, ಕೆಳಗೆ ಶಾಲಿನ ಕುಚ್ಚೇ ಗಡ್ಡ. ಒಮ್ಮೆ ಕಂಡರೆ ಮುಗೀತು, ಆಮೇಲೆ ಕಾಣದೇ ಇರೋದಿಲ್ಲ. ವಾಸ್ಪರ್ ಮಾತ್ರ ಬದುಕಿರೋವರೆಗೂ, ನಾನು ಸೈತಾನನನ್ನ ಬರೆದೇ ಇಲ್ಲ ಮಾರಾಯರೇ ಅಂತ ಹೇಳ್ತಾನೇ ಇದ್ದ. ಜನ ಕೇಳಬೇಕಲ್ಲ!

ನನಗೆ ಅದರಲ್ಲಿ ಸೈತಾನನಿಗಿಂತ ಮೊದಲು ಕಂಡದ್ದು ಮಾವಿನಕಾಯಿ. ನಮ್ಮ ಸೀರೆ ಸೆರಗಿನಲ್ಲಿ ಇರುತ್ತಲ್ಲ, ಬಾಲ ಬಗ್ಗಿಸಿದ ಮಾವಿನಕಾಯಿ, ಅದೇ. ಕಾಶ್ಮೀರದ ಶಾಲುಗಳು ಯುರೋಪಿನವರಿಗೆ ಹುಚ್ಚು ಹಿಡಿಸಿದಾಗ, ಸ್ಕಾಟ್ಲೆಂಡಿನ ಪೇಸ್ಲಿ ಅನ್ನೋ ಊರಿನ ನೇಕಾರರು ಅದೇ ನಮೂನೆಯನ್ನ ಮಗ್ಗದ ಮೇಲೆ ಎತ್ತಿಕೊಂಡರು. ಆ ಊರಿನ ಹೆಸರೇ ವಿನ್ಯಾಸಕ್ಕೆ ಅಂಟಿಕೊಂಡಿತು. ಅಂಥದೊಂದು ಪೇಸ್ಲಿ ಶಾಲು ಸುತ್ತಾಡಿ ಸುತ್ತಾಡಿ ವೇಲ್ಸಿನ ಒಂದು ಹಳ್ಳಿ ಚಾಪೆಲ್ಲಿಗೆ ಬಂತು. ಅಲ್ಲಿ ಮಾವಿನಕಾಯೇ ಸೈತಾನನ ಕಣ್ಣಾಗಿ ಕೂತಿತು. ಎಲ್ಲಿಂದೆಲ್ಲಿಗೆ, ಅಲ್ವಾ?

ಇರಲಿ, ನಾನು ಹೇಳೋಕೆ ಹೊರಟಿದ್ದು ಚಿತ್ರದ ಸಂಗತಿ ಅಲ್ಲ, ಹಾಡಿನ ಸಂಗತಿ. ವೆಲ್ಶ್ ಗಾಯಕ ಎಂಡಾವ್ ಎಮ್ಲಿನ್ 1974ರಲ್ಲಿ ತಂದ 'ಸಾಲೆಮ್' ಅನ್ನೋ ಎಲ್‌ಪಿ. ಈ ಒಂದು ಚಿತ್ರವನ್ನ ಮುಂದಿಟ್ಟುಕೊಂಡು, ಅದರೊಳಗೆ ಕೂತ ಜನರ ಮೇಲೆ ಹಾಡು ಕಟ್ಟಿ, ಇಡೀ ಆಲ್ಬಮ್ಮನ್ನೇ ಮಾಡಿಬಿಟ್ಟ ಪುಣ್ಯಾತ್ಮ. ವೆಲ್ಶ್ ಭಾಷೆಯಲ್ಲಿ ಹೀಗೆ ಒಂದೇ ವಿಷಯಕ್ಕೆ ಕಟ್ಟುಬಿದ್ದು ಬಂದ ಮೊದಮೊದಲ ಆಲ್ಬಮ್ಮುಗಳಲ್ಲಿ ಇದೂ ಒಂದು. ಆದರೆ ಚಿತ್ರದ ಮುಂದೆ ಗಂಟೆಗಟ್ಟಲೆ ನಿಂತು ಸೈತಾನನನ್ನ ಹುಡುಕೋ ಜನರಲ್ಲಿ ಎಷ್ಟು ಮಂದಿ ಆ ಹಾಡು ಕೇಳಿದ್ದಾರೆ ಹೇಳಿ. ಅದೇ ನನ್ನ ಸಂಕಟ.

ಚಿತ್ರ ಗೋಡೆಗೋಡೆಗೆ ಹೋಗಿದ್ದು ಸೋಪಿನಿಂದ. ಸನ್‌ಲೈಟ್ ಸೋಪಿನ ಲೀವರ್ ಸಾಹೇಬ ಮೂಲ ಚಿತ್ರವನ್ನ ನೂರು ಗಿನಿ ಕೊಟ್ಟು ಕೊಂಡ. ಏಳು ಪೌಂಡು ಸೋಪು ಕೊಂಡವರಿಗೆ ಚಿತ್ರದ ಒಂದು ಪ್ರತಿ ಅಂತ ಆಮೇಲೆ ಯೋಜನೆ ಹಾಕಿದ. ಬಟ್ಟೆಯೂ ಬೆಳ್ಳಗಾಯಿತು, ಗೋಡೆಗೆ ಅಜ್ಜಿಯೂ ಬಂದಳು. ಅದೇ ಸನ್‌ಲೈಟ್ ನೋಡಿ, ನಮ್ಮಲ್ಲೂ ಬಚ್ಚಲ ಕಟ್ಟೆ ಮೇಲೆ ಇರ್ತಿತ್ತಲ್ಲ ಹಳದಿ ಸೋಪು! 1888ರಲ್ಲೇ ಕಲ್ಕತ್ತಾ ಬಂದರಿಗೆ ಪೆಟ್ಟಿಗೆಪೆಟ್ಟಿಗೆ ಬಂದಿಳಿದಿತ್ತು. ನಮ್ಮ ಮನೆ ಗೋಡೆ ಮೇಲೂ ಚಿತ್ರಗಳಿದ್ದವು, ಪಡಸಾಲೆಯಲ್ಲಿ ರವಿವರ್ಮ ಪ್ರೆಸ್ಸಿನ ಲಕ್ಷ್ಮಿ, ಸರಸ್ವತಿ. ಕಟ್ಟಿನ ಗಾಜಿನ ಮೇಲೆ ಊದುಬತ್ತಿ ಹೊಗೆಯ ಕಂದು ಬಣ್ಣ. ಸರಸ್ವತಿಯ ವೀಣೆಗೆ ಎಷ್ಟು ತಂತಿ ಅಂತ ಅಲ್ಲೇ ಹುಟ್ಟಿ ಬೆಳೆದ ನಮ್ಮಲ್ಲಿ ಒಬ್ಬರನ್ನ ಕೇಳಿ, ಹೇಳೋಕೆ ಆಗಲ್ಲ.

ವೇಲ್ಸಿನಲ್ಲೂ ಅದೇ ಆಗಿತ್ತು. 1937ರಲ್ಲಿ ಉರ್ದ್ ಅನ್ನೋ ಅವರ ಮಕ್ಕಳ ಸಂಘ ಮತ್ತೆ ಪ್ರತಿಗಳನ್ನ ಕಡಿಮೆ ಬೆಲೆಗೆ ಹಂಚಿತು. ಸೋಪು ಕೊಳ್ಳದವರ ಮನೆಗೂ ಅಜ್ಜಿ ಬಂದಳು. ಅಡಿಗೆಮನೆ, ಹಜಾರ, ಮಲಗೋ ಕೋಣೆ, ಎಲ್ಲಿ ನೋಡಿದರೂ ಅವಳೇ. ದಿನಾ ಗೋಡೆ ಮೇಲೆ ಇರೋ ಚಿತ್ರ, ಮನೆಯ ಗಡಿಯಾರದ ಟಿಕ್‌ಟಿಕ್ ಹಾಗೆ, ಸ್ವಲ್ಪ ದಿನಕ್ಕೆ ಗಮನಕ್ಕೇ ಬರೋದು ನಿಂತುಹೋಗುತ್ತೆ. ಎಂಡಾವ್ ಬೆಳೆದದ್ದು ಪುಲ್‌ಹೆಲಿಯಲ್ಲಿ. ಚಿತ್ರದ ಸಾಲೆಮ್ ಚಾಪೆಲ್ ಇರೋದು ಹಾರ್ಲೆಕ್ ಹತ್ತಿರದ ಲ್ಲಾನ್‌ಬೆಡರ್ ಪಕ್ಕ, ಕೆವ್ನ್‌ಕಮೆರೈಯಲ್ಲಿ. ಎರಡರ ನಡುವೆ ಒಂದು ಕೊಲ್ಲಿ ಅಷ್ಟೇ. ಇಷ್ಟು ಪರಿಚಿತವಾದದ್ದನ್ನ ಮತ್ತೆ ಕಣ್ಣುಬಿಟ್ಟು ನೋಡೋದಿದೆಯಲ್ಲ, ಅದು ಎಲ್ಲರಿಗೂ ಆಗೋ ಕೆಲಸವಲ್ಲ. ಚಿತ್ರದಲ್ಲಿ ಇರೋರು ಯಾರು ಅಂತ ಅವನು ಕೇಳಿದ. ಅಲ್ಲಿಂದ ಹಾಡು ಹುಟ್ಟಿತು.

ಯಾರು ಅಂತ ಕೇಳಿದರೆ ಸಿಗೋ ಉತ್ತರಗಳು ನೋಡಿ, ಒಂದಕ್ಕಿಂತ ಒಂದು ಸೊಗಸು. ನಡುವೆ ನಿಂತಾಕೆ ಶಾನ್ ಓವೆನ್, 1837ರಲ್ಲಿ ಹುಟ್ಟಿದವಳು, ಚಿತ್ರಕ್ಕೆ ನಿಂತಾಗ ಎಪ್ಪತ್ತು ದಾಟಿತ್ತು. 1927ರವರೆಗೆ ಬದುಕಿದಳು, ಅಂದರೆ ತನ್ನ ಮುಖ ಸೋಪಿನ ಜೊತೆ ದೇಶವೆಲ್ಲ ಸುತ್ತಿದ್ದನ್ನ ಕಂಡೇ ಹೋದಳು. ಶಾಲು ಆಕೆಯದಲ್ಲ, ಕಡ ತಂದದ್ದು. ಟೋಪಿಯೂ ಕಡ ತಂದದ್ದೇ. ಚಿತ್ರದಲ್ಲಿ ಹೆಂಗಸರ ತಲೆ ಮೇಲೆಲ್ಲ ಕರಿ ಟೋಪಿ ಕಾಣುತ್ತಲ್ಲ, ಸಿಕ್ಕಿದ್ದು ಒಂದೇ ಟೋಪಿಯಂತೆ! ಒಬ್ಬರಾದ ಮೇಲೆ ಒಬ್ಬರು ಅದನ್ನೇ ಹಾಕ್ಕೊಂಡು ಕೂತಿದ್ದಾರೆ. ಆ ಕಾಲಕ್ಕಾಗಲೇ ಅಂಥ ಟೋಪಿ ಹಾಕೋರು ಕಡಿಮೆಯಾಗಿದ್ದರು, ಪೆಟ್ಟಿಗೆಯಿಂದ ಹುಡುಕಿ ತೆಗೀಬೇಕಿತ್ತು. ಮದುವೆ ಮನೆ ಫೋಟೋಗೆ ಒಂದೇ ಕಾಸಿನ ಸರ ಅಕ್ಕನ ಕೊರಳಿಂದ ತಂಗಿಯ ಕೊರಳಿಗೆ ಹೋಗೋದು ನಾವೂ ಕಂಡಿದ್ದೇವೆ.

ಕೂತು ಕೊಟ್ಟದ್ದಕ್ಕೆ ಗಂಟೆಗೆ ಆರು ಪೆನ್ಸ್ ಕೂಲಿ. ಅವರೆಲ್ಲ ಆ ಚಾಪೆಲ್ಲಿನವರು ಅಂದುಕೊಂಡಿದ್ದೀರಾ? ರಾಬರ್ಟ್ ವಿಲಿಯಮ್ಸ್ ಒಬ್ಬನೇ ನಿಜವಾಗಿ ಅಲ್ಲಿಯ ಸದಸ್ಯ. ಮರಗೆಲಸ, ಬೇಸಾಯ, ಮೇಲೆ ಚಾಪೆಲ್ಲಿನ ಹಿರಿಯ. ಉಳಿದವರು ಅಕ್ಕಪಕ್ಕದವರು, ಚಿತ್ರಕ್ಕೆಂದು ಬಂದು ಕೂತವರು. ಇನ್ನೊಂದು ಸಂಗತಿ ಕೇಳಿ, ಇದು ನನಗೆ ಭಾಳ ಇಷ್ಟ. ಕೂತವರ ಪೈಕಿ ಒಬ್ಬರು ಮನುಷ್ಯರೇ ಅಲ್ಲ, ದರ್ಜಿಯವರು ಬಟ್ಟೆ ತೊಡಿಸಿ ನಿಲ್ಲಿಸ್ತಾರಲ್ಲ, ಆ ಬೊಂಬೆ. ಅದನ್ನೂ ಜನರ ನಡುವೆ ಕೂರಿಸಿದರು. ಬೊಂಬೆಗೂ ಲೈಸಾ ಜೋನ್ಸ್ ಅಂತ ಹೆಸರು ಬಿತ್ತು. ಬೊಂಬೆ ಅಂತ ಬಿಟ್ಟುಬಿಡಬಹುದಿತ್ತು, ಹಾಗೆ ಬಿಡಲಿಲ್ಲ. ಪಕ್ಕದಲ್ಲಿ ಕೂತ ಮೇಲೆ ಅವಳೂ ನಮ್ಮವಳೇ ಅನ್ನೋ ಮನಸ್ಸು ಅದು, ಏನಂತೀರಿ?

ಗೋಡೆ ಮೇಲಿನ ಗಡಿಯಾರದಲ್ಲಿ ಹತ್ತು ಗಂಟೆಗೆ ಇನ್ನು ಕೆಲವು ನಿಮಿಷ. ಅದರ ಮೇಲೂ ವಾದ. ಅಜ್ಜಿ ಎಲ್ಲರೂ ಕೂತ ಮೇಲೆ ಬೇಕಂತಲೇ ಬಂದಿದ್ದಾಳೆ, ಶಾಲು ತೋರಿಸೋಕೆ ಅಂತ ಒಂದು ಪಂಗಡ. ಪಾಪ, ಆಕೆ ಭಕ್ತಿಯಿಂದ ತನ್ನ ಜಾಗಕ್ಕೆ ಹೋಗ್ತಿದ್ದಾಳೆ ಅಂತ ಇನ್ನೊಂದು. ನಾನು ಎರಡನೇ ಕಡೆ. ಎಪ್ಪತ್ತು ದಾಟಿದ ಹೆಂಗಸು ಒಂದು ಒಳ್ಳೇ ಶಾಲು ಹೊದ್ದು ಬಂದರೆ ಅದರಲ್ಲಿ ಸೈತಾನನನ್ನ ಯಾಕೆ ಹುಡುಕಬೇಕು? ಹೊದೀಲಿ ಬಿಡಿ.

ಎಂಡಾವ್‌ನ ಹಾಡಿನಲ್ಲೂ ಈ ಮೃದುವಾದ ಮನಸ್ಸೇ ನನಗೆ ಕೇಳಿಸೋದು. ಮೊದಲು 'ಸಾಲೆಮ್ ಅನ್ ಅ ವ್ಲಾದ್' ಹಾಕಿ ನೋಡಿ. ಕಿರುಚಾಟ ಇಲ್ಲ, ಎದೆ ಬಡಿದುಕೊಳ್ಳೋದಿಲ್ಲ. ಹಗುರವಾದ ದನಿ, ಅದರ ಕೆಳಗೆ ಅಕೂಸ್ಟಿಕ್ ಗಿಟಾರು, ಮೇಲೆ ಬಂದು ಕೂಡಿಕೊಳ್ಳೋ ಇನ್ನಷ್ಟು ದನಿಗಳು. ಆ ದನಿಗಳು ಒಂದರ ಮೇಲೊಂದು ಕೂಡೋ ರೀತಿಯಲ್ಲಿ ಚಾಪೆಲ್ಲಿನ ನಾಲ್ಕು ದನಿಯ ಸಾಮೂಹಿಕ ಗಾಯನದ ಅಭ್ಯಾಸ ಇದೆ ಅಂತ ನನಗನಿಸುತ್ತೆ. ವೇಲ್ಸಿನವರಿಗೆ ಅದು ಚಿಕ್ಕಂದಿನಿಂದ ಕಿವಿಗೆ ಬಿದ್ದದ್ದು. ಭಾನುವಾರ ಚಾಪೆಲ್ಲಿನಲ್ಲಿ ಪುಸ್ತಕ ತೆರೆದರೆ ಯಾರು ಯಾವ ದನಿ ಹಾಡಬೇಕು ಅಂತ ಯಾರೂ ಹೇಳಿಕೊಡಬೇಕಿಲ್ಲ. ಆ ಗಾಯನ ಎಷ್ಟು ದೂರ ಹೋಗಿದೆ ಗೊತ್ತಲ್ಲ? ನಮ್ಮ ದೇಶದ ಖಾಸಿ ಬೆಟ್ಟಗಳಿಗೂ ಹೋಗಿದೆ. 1841ರಲ್ಲಿ ವೇಲ್ಸಿನಿಂದ ಥಾಮಸ್ ಜೋನ್ಸ್ ಚಿರಾಪುಂಜಿಗೆ ಬಂದು ಖಾಸಿ ಭಾಷೆಗೆ ರೋಮನ್ ಲಿಪಿ ಕೂಡಿಸಿಕೊಟ್ಟ. ವೇಲ್ಸಿನ ರಾಷ್ಟ್ರಗೀತೆಯ ಮಟ್ಟಿನಲ್ಲೇ ಖಾಸಿಗಳು ತಮ್ಮ ನಾಡಗೀತೆ ಹಾಡ್ತಾರೆ. ಮಳೆ ಬರೋ ಬೆಟ್ಟದಿಂದ ಮಳೆ ಬರೋ ಬೆಟ್ಟಕ್ಕೆ ಒಂದು ಮಟ್ಟು ನಡೆದು ಬಂದಿತು. ಎಲ್ಲಿಗೋ ಹೋದೆ, ಇರಲಿ.

1974 ಅಂದರೆ ಎಂಥ ಕಾಲ ಅದು! ಅದಕ್ಕೆ ಒಂಬತ್ತು ವರ್ಷ ಹಿಂದೆ ಟ್ರವೆರಿನ್ ಕಣಿವೆಯನ್ನ ಲಿವರ್‌ಪೂಲಿನ ನೀರಿಗಾಗಿ ಮುಳುಗಿಸಿದ್ದರು. ಕಾಪೆಲ್ ಕೆಲಿನ್ ಅನ್ನೋ ಇಡೀ ಹಳ್ಳಿ ನೀರಿನಡಿ, ಅದರ ಚಾಪೆಲ್ಲೂ ಹೋಯಿತು. ಆ ಸಿಟ್ಟಿನಿಂದಲೇ 1969ರಲ್ಲಿ ಹ್ಯೂ ಜೋನ್ಸ್ 'ದೂರ್', ಅಂದರೆ 'ನೀರು', ಹಾಡಿದ, ಸೈನ್ ಅನ್ನೋ ರೆಕಾರ್ಡ್ ಕಂಪನಿಯ ಮೊಟ್ಟಮೊದಲ ರೆಕಾರ್ಡು ಅದು. ಗಾಯಕ ಡಾವಿದ್ ಇವಾನ್ ಜೊತೆಗೂಡಿ ಅವನೇ ಕಟ್ಟಿದ ಕಂಪನಿ. ವೆಲ್ಶ್ ಭಾಷೆಗೆ ಜಾಗ ಬೇಕು ಅಂತ ರಸ್ತೆ ಫಲಕದ ಇಂಗ್ಲಿಷ್ ಹೆಸರುಗಳಿಗೆ ಹುಡುಗರು ರಾತ್ರೋರಾತ್ರಿ ಹಸಿರು ಬಣ್ಣ ಬಳಿದು ಜೈಲಿಗೆ ಹೋಗ್ತಿದ್ದರು. 1971ರ ಜನಗಣತಿಯಲ್ಲಿ ವೆಲ್ಶ್ ಆಡೋರು ನೂರಕ್ಕೆ ಇಪ್ಪತ್ತೊಂದರ ಆಸುಪಾಸು, ಸುಮಾರು 5,42,000 ಮಂದಿ. ಒಂದು ಬೆಂಗಳೂರಿನಲ್ಲಿ ಹುಡುಕಿದರೆ ಕನ್ನಡ ಆಡೋರು ಅದಕ್ಕಿಂತ ಎಷ್ಟೋ ಪಟ್ಟು ಸಿಗ್ತಾರೆ. ಅಷ್ಟು ಸಣ್ಣ ಕೇಳುಗರ ಗುಂಪಿಗೆ, ಗಿಟಾರು ಬಾರಿಸಿ ಎಲ್‌ಪಿ ಅಚ್ಚು ಹಾಕಿಸೋದು ಎಂಥ ಧೈರ್ಯ! ಮಾರಾಟವಾಗದಿದ್ದರೆ ಕೈಯಿಂದ ಹೋಗೋ ದುಡ್ಡು ಅವರದೇ.

ಅದೇ 1974ರಲ್ಲಿ ಎಡ್ವರ್ಡ್ ಎಚ್. ದಾವಿಸ್ ಬಳಗದ ಮೊದಲ ಎಲ್‌ಪಿಯೂ ಬಂತು. ಎಲೆಕ್ಟ್ರಿಕ್ ಗಿಟಾರು, ಡ್ರಮ್ಮು, ಸಭಾಂಗಣ ತುಂಬ ಕುಣಿಯೋ ಹುಡುಗರು. ವೆಲ್ಶ್‌ನಲ್ಲಿ ರಾಕ್ ಆಗೋದೇ ಇಲ್ಲ ಅಂತಿದ್ದವರ ಬಾಯಿ ಮುಚ್ಚಿಸಿದ್ದು ಅವರು, ಅದು ದೊಡ್ಡ ಕೆಲಸವೇ. ಅದಕ್ಕೆ ಎರಡು ವರ್ಷ ಮುಂಚೆ, 1972ರಲ್ಲಿ, ಗಾಯಕ ಮೈಕ್ ಸ್ಟೀವನ್ಸ್‌ನ 'ಗ್ವಮೋನ್' ಆಲ್ಬಮ್ ಬಂದಿತ್ತು. ಅದರ ಹಳೇ ಪ್ರತಿಗಾಗಿ ಸಂಗ್ರಹಕಾರರು ಈಗಲೂ ಪರದಾಡ್ತಾರೆ. 2005ರಲ್ಲಿ 'ವೆಲ್ಶ್ ರೇರ್ ಬೀಟ್' ಅಂತ ಸೈನ್ ಕಂಪನಿಯ ಹಳೇ ಹಾಡುಗಳ ಸಂಕಲನ ಬಂದ ಮೇಲಂತೂ ಹೊರಗಿನವರ ಕಣ್ಣೂ ಅತ್ತ ತಿರುಗಿತು. ಸೂಪರ್ ಫರ್ರಿ ಆ್ಯನಿಮಲ್ಸ್ ಬಳಗದ ಗ್ರಿಫ್ ರೀಸ್ ಅದರ ಹಿಂದೆ ಇದ್ದ. ಆದರೆ ಹಾಗೆ ಹುಡುಕೋರಿಗೆ ಬೇಕಾದ್ದು ಮೊದಲ ಕ್ಷಣದಲ್ಲೇ ಕಿವಿ ನಿಮಿರಿಸೋ ಸದ್ದು. ವಿಚಿತ್ರ ಆರ್ಗನ್ನು, ಗುಂಯ್ ಅನ್ನೋ ಗಿಟಾರು, ನೆಟ್ಟಗಾಗಿಸೋ ಡ್ರಮ್ಮು. ಎಂಡಾವ್‌ನ 'ಸಾಲೆಮ್' ಹಾಗೆ ಕೈ ಹಿಡಿದು ಎಳೆಯೋದಿಲ್ಲ. ಒಂದು ಹಾಡು ಹಾಕಿ, ಇನ್ನೊಂದಕ್ಕೆ ಹಾರಿ ಅಂದರೆ ಅದರ ಗುಟ್ಟು ಸಿಗೋದಿಲ್ಲ. ಬೆಂಚಿನ ಮೇಲೆ ಪಕ್ಕಪಕ್ಕ ಕೂತವರನ್ನ ಸಾಲಾಗಿ ನೋಡಿಕೊಂಡು ಹೋಗೋ ಆಲ್ಬಮ್ ಅದು. ಹಾಗಾಗಿಯೇ ಹಿಂದೆ ಬಿತ್ತು ಅನ್ನೋದು ನನ್ನ ಲೆಕ್ಕ. ವೇಲ್ಸಿನೊಳಗೆ ಹೆಸರಿದೆ, ಪ್ರೀತಿಯೂ ಇದೆ. ಗಡಿ ದಾಟಿದರೆ ಹೆಸರೂ ಇಲ್ಲ.

ನನಗೆ ಅದರ ಮೇಲೆ ಇಷ್ಟು ಪ್ರೀತಿ ಯಾಕೆ ಅಂದರೆ, ಆ ಕಾಲದ ಹುಡುಗರು ಸಾಮಾನ್ಯವಾಗಿ ಅಜ್ಜಿಯ ಗೋಡೆಯಿಂದ ದೂರ ಓಡ್ತಿದ್ದರು. ಚಾಪೆಲ್ಲು, ಭಾನುವಾರದ ಬಿಗಿ, ಕರಿ ಬಟ್ಟೆ, ಪಬ್ಬಿಗೆ ಬೀಗ, ಇದನ್ನೆಲ್ಲ ಕಿತ್ತೆಸೆಯೋದೇ ರಾಕ್ ಸಂಗೀತದ ಕೆಲಸ ಅಂತಿತ್ತು. ಚಾಪೆಲ್ಲುಗಳೂ ಒಂದೊಂದಾಗಿ ಖಾಲಿಯಾಗ್ತಿದ್ದವು. ಆಗ ಮೂವತ್ತು ವರ್ಷದ ಒಬ್ಬ, ಗಿಟಾರು ಹಿಡಿದು, ಆ ಅಜ್ಜಿಯ ಕಡೆಗೇ ನಡೆದು ಹೋದ. ಅವಳನ್ನ ಪವಿತ್ರ ಮೂರ್ತಿ ಮಾಡಲಿಲ್ಲ, ಹಳೇ ಕಾಲದವಳು ಅಂತ ನಕ್ಕೂ ಬಿಡಲಿಲ್ಲ. ನೀವು ಯಾರು, ನಿಮ್ಮ ಪಕ್ಕದಲ್ಲಿ ಕೂತವರು ಯಾರು, ಈ ಹೊತ್ತಿನಲ್ಲಿ ಮನಸ್ಸಿನಲ್ಲಿ ಏನಿದೆ ಅಂತ ವಿಚಾರಿಸಿದ. ಸೈತಾನ ಇದ್ದಾನೋ ಇಲ್ಲವೋ ಅನ್ನೋರ ಮಧ್ಯೆ ಇದು ಎಷ್ಟು ಒಳ್ಳೇ ನಡತೆ! ಸಭ್ಯತೆ ಅಂದರೆ ಇದೇ ಅಂತ ನನಗನಿಸುತ್ತೆ.

ಇನ್ನೊಂದು ಕೇಳಿ. ಆ ಚಿತ್ರವನ್ನ ಬರೆದ ವಾಸ್ಪರ್ ವೇಲ್ಸಿನವನೇ ಅಲ್ಲ, ಇಂಗ್ಲೆಂಡಿನ ಡೆವನ್ ಕಡೆಯವನು. ಹೆಂಡತಿ ಮರ್ಥರ್ ಟಿಡ್ವಿಲ್ ಕಡೆಯವಳು. ಕೊಂಡ ಲೀವರ್ ಲ್ಯಾಂಕಾಷೈರಿನವನು. ಮೂಲ ಚಿತ್ರ ಇವತ್ತಿಗೂ ಇಂಗ್ಲೆಂಡಿನ ಪೋರ್ಟ್ ಸನ್‌ಲೈಟ್‌ನ ಲೇಡಿ ಲೀವರ್ ಗ್ಯಾಲರಿಯಲ್ಲೇ ಇದೆ. ವಾಸ್ಪರ್ ಬರೆದ ಎರಡನೇ ಪ್ರತಿಯೊಂದಿತ್ತು, ಅದನ್ನ 2019ರಲ್ಲಿ ವೇಲ್ಸಿನ ರಾಷ್ಟ್ರೀಯ ಗ್ರಂಥಾಲಯ ಕೊಂಡಿತು. ಅಲ್ಲೀತನಕ ವೇಲ್ಸಿನ ಅತ್ಯಂತ ವೇಲ್ಸ್‌ತನದ ಚಿತ್ರ ಅಂತ ಅನ್ನಿಸಿಕೊಂಡದ್ದು ವೇಲ್ಸಿನವರದ್ದಾಗಿಯೇ ಇರಲಿಲ್ಲ ಅನ್ನಬಹುದು. ಕೂತ ಜನ ಮಾತ್ರ ಆ ನೆಲದವರು, ಅವರ ಮನೆಮಾತು ವೆಲ್ಶ್. ಚಿತ್ರದಲ್ಲಿ ಅವರೆಲ್ಲ ಬಾಯಿ ಮುಚ್ಚಿ ಕೂತಿದ್ದಾರೆ. ಅವರ ಮಾತಿನಲ್ಲೇ, ಅದೇ ಕೊಲ್ಲಿಯ ಆಚೆ ದಡದ ಹುಡುಗ ಹಾಡಿದಾಗ, ಚಿತ್ರ ಪೂರ್ತಿಯಾಗಿ ಅವರದಾಯಿತು. ಹಾಗಂತ ನಾನು ಗಟ್ಟಿಯಾಗಿ ನಂಬಿದ್ದೇನೆ. ಗ್ರಂಥಾಲಯ ಕೊಂಡದ್ದು 2019ರಲ್ಲಿ, ಹಾಡು ಅದನ್ನ 1974ರಲ್ಲೇ ಮನೆಗೆ ತಂದಿತ್ತು!

ಎಂಡಾವ್ ಮುಂದೆ ಸಿನಿಮಾಕ್ಕೆ ಹೋದ. 'ಇನ್ ನೋಸ್ ಓಲಾ ಲೈಯಾಡ್' ಮಾಡಿದ, 1991ರಲ್ಲಿ. ಕಾರಾಡೊಗ್ ಪ್ರಿಚರ್ಡ್‌ನ ಕಾದಂಬರಿ ಅದು, ಸ್ಲೇಟುಗಣಿ ಊರಿನ ಹುಡುಗನೊಬ್ಬನ ಕಥೆ, ಓದಿದವರು ಮರೆಯೋ ಹಾಗಿಲ್ಲ. ಆಮೇಲೆ 1993ರಲ್ಲಿ 'ಗಾಡೆಲ್ ಲೆನಿನ್'. ವೇಲ್ಸಿನ ಶಾಲಾ ಹುಡುಗ ಹುಡುಗಿಯರು ಚಿತ್ರಕಲೆ ನೋಡೋಕೆ ಅಂತ ಸೇಂಟ್ ಪೀಟರ್ಸ್‌ಬರ್ಗಿಗೆ ಹೋಗೋ ಕಥೆ. ಮತ್ತೆ ಚಿತ್ರಗಳ ಮುಂದೆ ನಿಂತ ಜನ, ನೋಡಿದಿರಾ? ಸಿನಿಮಾ ಮಾಡೋನ ಕಣ್ಣು 'ಸಾಲೆಮ್'ನಲ್ಲೇ ಇತ್ತು ಅಂತ ನಾನು ವಾದ ಮಾಡ್ತೀನಿ, ಯಾರು ಬೇಕಾದರೂ ಬರಲಿ. ಮೊದಲು ಇಡೀ ಚಾಪೆಲ್ಲು, ಆಮೇಲೆ ಒಂದೊಂದು ಮುಖ, ಮುಖದಿಂದ ಆ ಮುಖದ ಬದುಕಿಗೆ. ಕ್ಯಾಮೆರಾ ಇಲ್ಲದೆ, ಬರೀ ದನಿಯಲ್ಲಿ.

ಭಾಷೆ ತಿಳಿಯೋದಿಲ್ಲವಲ್ಲ ಅಂತೀರಿ. ತಿಳಿಯದಿದ್ದರೂ ಒಂದು ದಾರಿ ಇದೆ. ಈಗ ಅದು ಫೋನಿನಲ್ಲೇ ಸಿಗುತ್ತೆ, ಹಳೇ ಎಲ್‌ಪಿ ಹುಡುಕಿ ಒದ್ದಾಡಬೇಕಿಲ್ಲ. ಚಿತ್ರವನ್ನ ದೊಡ್ಡದಾಗಿ ತೆರೆದು ಮುಂದಿಟ್ಟುಕೊಳ್ಳಿ. ಸೈತಾನನನ್ನ ಮೊದಲೇ ಹುಡುಕಿ ಮುಗಿಸಿಬಿಡಿ, ಇಲ್ಲದಿದ್ದರೆ ಗಮನ ಅಲ್ಲೇ ಇರುತ್ತೆ. ಆಮೇಲೆ ಹಾಡು ಹಚ್ಚಿ, ಒಂದೊಂದು ಹಾಡಿಗೆ ಒಬ್ಬೊಬ್ಬರನ್ನ ನೋಡ್ತಾ ಹೋಗಿ. ತಲೆ ಬಗ್ಗಿಸಿ ಕೂತವರನ್ನ, ಅವರ ನಡುವೆ ಇರೋ ಹುಡುಗನನ್ನ, ಮೂಲೆಯಲ್ಲಿರೋರನ್ನ. ಹಾಡಿನ ನಡುವೆ ಅಡಿಗೆಮನೆಗೆ ಎದ್ದು ಹೋಗಬೇಡಿ ಮತ್ತೆ, ಪಲ್ಯ ತಳ ಹಿಡಿದರೆ ಹಿಡೀಲಿ, ಇಡೀ ಆಲ್ಬಮ್ ಸೇರಿ ಒಂದು ಗಂಟೆಯೂ ಆಗೋದಿಲ್ಲ. ಆಮೇಲೆ ಯಾರ ಹಾಡು ಹಿಡಿಸಿತು ಅಂತ ಹೇಳಿ. ನನಗೆ ಯಾರದು ಇಷ್ಟ ಅಂತ ನಾನು ಈಗಲೇ ಹೇಳೋದಿಲ್ಲ, ಹೇಳಿದರೆ ನೀವು ಅದನ್ನೇ ಹುಡುಕಿಕೊಂಡು ಕೂರ್ತೀರಿ, ಅಲ್ವಾ?